ತೋಟ ನೋಡಲು ವೈಶಾಖದಲ್ಲಿ ಬನ್ನಿ



ಜನವರಿ ತಿಂಗಳಲ್ಲಿ ನಮ್ಮ ಯಾದಗಿರಿ ಸೀಮೆಯಲ್ಲಿ ಯಾರ ಅಂಗಳ ನೋಡಿದರೂ ಚೆಂದ. ಸೇವಂತಿಗೆ, ಚೆಂಡು ಹೂ ಮೈತುಂಬ ಅರಳಿರುತ್ತವೆ. ಗುಲಾಬಿಗೆ ಎರಡು ದಿನ ನೀರು ತಪ್ಪಿದರೂ ಮುಖ ಬಾಡುವುದಿಲ್ಲ. ಅರ್ಧ ಕೆಲಸವನ್ನು ಚಳಿಗಾಲವೇ ಮಾಡಿಕೊಟ್ಟಿರುತ್ತದೆ, ಹೆಸರು ಮಾತ್ರ ಮನೆಯವರಿಗೆ. ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನ ಇಡುವುದೂ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ. ಅದರಲ್ಲಿ ತಪ್ಪೇನಿಲ್ಲ. ಹೂವಿನ ಹಬ್ಬವನ್ನು ಹೂವಿರುವಾಗಲೇ ಮಾಡಬೇಕು. ಆದರೆ ಅದೇ ಅಂಗಳಕ್ಕೆ ವೈಶಾಖದಲ್ಲಿ, ಬಿಸಿಲು 42–43 ಡಿಗ್ರಿ ಮುಟ್ಟಿದ ದಿನ, ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಹೋಗಿ ನಿಲ್ಲಿ. ಯಾರಿಗೆ ಗಿಡ ಸಾಕುವುದು ಗೊತ್ತಿದೆ, ಯಾರು ನರ್ಸರಿಯಿಂದ ತಂದು ಸಾಲಾಗಿ ಇಟ್ಟಿದ್ದಾರೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಇವತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೇ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಗಿಡದ ಹುಚ್ಚಿನವರು ಒಂದು ಸಂಘ ಕಟ್ಟಿಕೊಂಡು ಒಬ್ಬರ ತೋಟ ಇನ್ನೊಬ್ಬರು ನೋಡುವ ಪರಿಪಾಠ ಇಟ್ಟುಕೊಳ್ಳಬೇಕು. ನೋಡುವುದನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳಬೇಕು.

ತೋಟಗಾರರ ಸಂಘ ಎಂದರೆ ಹೊಸ ಕಲ್ಪನೆಯೇನಲ್ಲ. ಬೆಂಗಳೂರಿನಲ್ಲಿ 1836ರಲ್ಲೇ ಅಂಥದೊಂದು ಸಂಘ ಹುಟ್ಟಿತ್ತು. ವಿಲಿಯಂ ಮನ್ರೋ ಎಂಬ ಸೇನಾಧಿಕಾರಿ ಅದರ ಮುಂದಾಳು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನೇ ಕಮಿಷನರ್ ಮಾರ್ಕ್ ಕಬ್ಬನ್ ಆ ಸಂಘದ ಕೈಗೆ ಒಪ್ಪಿಸಿದ. ಅಷ್ಟು ದೊಡ್ಡ ತೋಟ ಕೈಯಲ್ಲಿದ್ದೂ ಸಂಘ 1842ರಲ್ಲಿ ಮುಚ್ಚಿಹೋಯಿತು. ಮುಂದೆ 1856ರಲ್ಲಿ ಲಾಲ್‌ಬಾಗ್ ಸರಕಾರಿ ಸಸ್ಯತೋಟವಾಯಿತು. ಸಂಘ ಬದುಕಬೇಕಾದರೆ ಜಾಗ, ದುಡ್ಡು, ದೊಡ್ಡವರ ಕೃಪೆ ಇದ್ದರೆ ಸಾಲದು ಎನ್ನುವುದಕ್ಕೆ ನಾನು ಈ ಆರು ವರ್ಷದ ಸಂಘವನ್ನು ಮತ್ತೆಮತ್ತೆ ನೆನೆಯುತ್ತೇನೆ.

ಗಟ್ಟಿಯಾಗಿ ನಿಂತದ್ದು ಎರಡನೆಯ ಪ್ರಯತ್ನ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಶುರುವಾಯಿತು. ಅದರ ಹಿಂದೆ ಇದ್ದವರು ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, 1893ರಲ್ಲಿ ಬರೋಡಾದ ಗಾಯಕವಾಡರ ಚಾಕರಿಗೆ ಬಂದು, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಬಂದವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಆರಿಸಿ ನೆಡಿಸಿದವರು ಅವರೇ. ಸಂಘದ ಹೆಸರಿನಲ್ಲಿ ಈಗಲೂ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿ, ಆಗಸ್ಟ್‌ಗಳಲ್ಲಿ ಪ್ರದರ್ಶನ ನಡೆಯುತ್ತದೆ. ನಮ್ಮ ಕಡೆಯವರೂ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಹೋಗಿ ನೋಡಿ, ಹೂವಿನ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಆದರೆ ಆ ಪ್ರದರ್ಶನಕ್ಕೆ ಮೊದಲು ನಡೆಯುವ ಒಂದು ಕೆಲಸ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ತೀರ್ಪುಗಾರರು ಬೆಂಗಳೂರಿನ ಮನೆ, ಕಚೇರಿ, ಕಾರ್ಖಾನೆಗಳ ತೋಟಗಳಿಗೆ ಹೋಗಿ, ನೋಡಿ, ಅಂಕ ಹಾಕಿ ಬರುತ್ತಾರೆ. ನನ್ನ ಲೆಕ್ಕದಲ್ಲಿ ಸಂಘದ ಜೀವ ಇರುವುದು ಗಾಜಿನ ಮನೆಯಲ್ಲಲ್ಲ, ಈ ಸುತ್ತಾಟದಲ್ಲಿ. ಪ್ರದರ್ಶನಕ್ಕೆ ಬಂದ ಗಿಡ ಮದುವೆ ಮನೆಗೆ ಬಂದ ನೆಂಟರ ಹಾಗೆ ತೊಟ್ಟು ತೊಡಿಸಿಕೊಂಡು ಬಂದಿರುತ್ತದೆ. ಅದರ ಮನೆಯ ಪರಿಸ್ಥಿತಿ ಏನೆಂದು ಅಲ್ಲಿ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನಲ್ಲಿ 1927ರಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಮಾಡಿದರು. ಆ ವರ್ಷ 609 ಖಾಸಗಿ ತೋಟಗಳ ಗೇಟು ಸಾರ್ವಜನಿಕರಿಗೆ ತೆರೆಯಿತು, ತಲೆಗೊಂದು ಶಿಲ್ಲಿಂಗ್. ಬಂದ ದುಡ್ಡು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿಯರ ನಿಧಿಗೆ ಹೋಯಿತು. ಆ ವ್ಯವಸ್ಥೆ ಇವತ್ತಿಗೂ ನಡೆದಿದೆ. ನಮ್ಮಲ್ಲಿ ಶಿಲ್ಲಿಂಗೂ ಬೇಡ, ರೂಪಾಯಿಯೂ ಬೇಡ. ನೋಡಲು ಬಂದವರು ಒಂದು ಚೀಟಿಯಲ್ಲಿ ಹಿಡಿ ಬೀಜ ಕಟ್ಟಿಕೊಂಡು ಬಂದರೆ ಸಾಕು. ಹೀರೆ, ಚವಳಿ, ಪುಂಡಿ, ಯಾವುದಾದರೂ ಆದೀತು.

ನಮ್ಮ ಮೂರು ಊರಿಗೆ ಇದು ಯಾಕೆ ಬೇಕು? ಗಿಡದ ಬಗ್ಗೆ ಹೇಳುವವರು ಈಗ ಮೊಬೈಲಿನಲ್ಲೇ ಸಿಗುತ್ತಾರಲ್ಲ ಎಂದು ನೀವು ಕೇಳಬಹುದು. ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ಹೇಳುವುದು ಬೆಂಗಳೂರಿನ ಕೆಂಪು ಮಣ್ಣಿನ ಮಾತು, ಮಲೆನಾಡಿನ ಹುಳಿ ಮಣ್ಣಿನ ಮಾತು. ಗುಲಾಬಿಗೆ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ ಎನ್ನುತ್ತಾರೆ, ಒಲೆಯ ಬೂದಿ ಹಾಕಿ ಎನ್ನುತ್ತಾರೆ. ನಮ್ಮ ಎರಿ ಭೂಮಿಯಲ್ಲಿ ಸುಣ್ಣದ ಹರಳು ಬರಿಗಣ್ಣಿಗೆ ಕಾಣುವಷ್ಟು ಇರುತ್ತದೆ. ಬೋರಿನ ನೀರೂ ಗಡಸು, ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಅಂಥ ಮಣ್ಣಿಗೆ ಮತ್ತೆ ಸುಣ್ಣ, ಮತ್ತೆ ಬೂದಿ ಹಾಕಿದರೆ ಗಿಡಕ್ಕೆ ಕಬ್ಬಿಣದ ಅಂಶ ಎಟುಕದೆ ಹೋಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಮಾತ್ರ ದಕ್ಕುವುದಿಲ್ಲ.

ಇದನ್ನು ಗುರುತಿಸುವುದು ಸುಲಭ. ದಾಸವಾಳವನ್ನೋ ಲಿಂಬೆಯನ್ನೋ ಹತ್ತಿರದಿಂದ ನೋಡಿ. ತುದಿಯ ಹೊಸ ಎಲೆ ಹಳದಿಯಾಗಿ, ಅದರ ನರ ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಬೇರೆ ಕಥೆ, ಅದಕ್ಕೆ ಗೊಬ್ಬರ ಸಾಲದು ಎಂದರ್ಥ. ಕಬ್ಬಿಣದ ಕೊರತೆಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ಲಿಂಬೆಹಣ್ಣಿನ ರಸ. ಸಂಜೆ ಬಿಸಿಲು ಇಳಿದ ಮೇಲೆ ಎಲೆ ತೊಯ್ಯುವ ಹಾಗೆ ಸಿಂಪಡಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಈ ಮಾತನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೂ ಹೇಳುತ್ತಾರೆ, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಹಿತ್ತಲಲ್ಲಿ ಒಂದು ದಾಸವಾಳ ಇಟ್ಟುಕೊಂಡವರು ಅಲ್ಲಿತನಕ ಹೋಗುವುದಿಲ್ಲ. ಪಕ್ಕದ ಓಣಿಯಲ್ಲಿ ಇದೇ ಮಣ್ಣಿನಲ್ಲಿ, ಇದೇ ನೀರಿನಲ್ಲಿ ಕಡುಹಸಿರಾಗಿ ನಿಂತ ದಾಸವಾಳವನ್ನು ಕಣ್ಣಾರೆ ಕಂಡರೆ ನಂಬುತ್ತಾರೆ.

ಸುರಪುರದಲ್ಲಿ ಗುಡ್ಡದ ಮಗ್ಗುಲಿನ ಓಣಿಯೊಂದರಲ್ಲಿ ಬೇಸಿಗೆಯಲ್ಲಿ ದುಂಡು ಮಲ್ಲಿಗೆ ಬಿಳಿ ಬಟ್ಟೆ ಹಾಸಿದ ಹಾಗೆ ಬಿಟ್ಟಿತ್ತು. ಗಿಡದ ಒಡತಿ ವಯಸ್ಸಾದವರು. "ಯವ್ವಾ, ಈಪರಿ ಹೂ ಬಿಟ್ಟದಲ್ಲ, ಇದಕ ಏನ್ ಹಾಕ್ತೀರಿ?" ಎಂದು ಕೇಳಿದೆ. "ಹಾಕೂದೇನದನೋ ಯಪ್ಪಾ, ಛಟ್ಟಿ ಅಮಾಸಿ ಮುಂದ ಮೊಣಕಾಲ ಮಟ ಕಡದ ಬಿಡ್ತೀನಿ. ಕಡೀಲಿಕ್ಕ ಮರಗಿದರ ಹೂವೆಲ್ಲಿಂದ ಬರಬೇಕು?" ಎಂದರು. ದುಂಡು ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬಿಡುವ ಗಿಡ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಸವರಿ, ಎಲೆ ತೆಗೆದು, ಕೆಲವು ದಿನ ನೀರು ಬಿಗಿ ಹಿಡಿದು, ಆಮೇಲೆ ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಮೊಗ್ಗು. ಅವರು ಪುಸ್ತಕ ಓದಿದವರಲ್ಲ. ಆದರೆ ಪುಸ್ತಕದಲ್ಲಿ ಇರುವುದೂ ಇದೇ. ಪ್ರದರ್ಶನದ ಜನವರಿಯಲ್ಲಿ ಅವರ ಗಿಡ ಬೋಳು ಕಡ್ಡಿಯಾಗಿ ನಿಂತಿರುತ್ತದೆ. ಬಹುಮಾನ ಬಂದೀತೆ?

ನಮ್ಮ ಹವಾಮಾನಕ್ಕೆ ಹೊಂದಿದ ಗಿಡಗಳ ಸ್ವಭಾವವೇ ಹೀಗೆ. ಕೆಲವು ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗುತ್ತವೆ, ಕೆಲವು ಬಿಸಿಲಿಗೇ ಅರಳುತ್ತವೆ. ಬಾರಿಹಣ್ಣಿನ ಗಿಡ ಮಲಗುವ ಜಾತಿಯದು. ಬೇಲಿಯ ಕಾಡುಬಾರಿಗೆ ಮೇ, ಜೂನಿನಲ್ಲಿ ಉಮ್ರಾನ್ ತಳಿಯ ಕಣ್ಣು ಕಸಿ ಮಾಡಿದರೆ ಕೆಲವೇ ವರ್ಷಕ್ಕೆ ಕೋಳಿಮೊಟ್ಟೆಯಷ್ಟು ದಪ್ಪನೆಯ ಹಣ್ಣು ಮನೆಯಂಗಳದಲ್ಲಿ. ಬೇರು ಕಾಡಿನದು, ಆಳಕ್ಕೆ ಇಳಿದಿರುತ್ತದೆ, ನೀರಿನ ರಗಳೆ ಇಲ್ಲ. ಶಹಾಪುರ, ಯಾದಗಿರಿ ಗುಡ್ಡಗಳ ಸೀತಾಫಲವೂ ಬೇಸಿಗೆಯಲ್ಲಿ ಬೋಳಾಗಿ ನಿಂತು ಮುಂಗಾರಿಗೆ ಚಿಗುರುವ ಗಿಡ. ಮೂಲದಲ್ಲಿ ಅದು ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದ ಮೇಲೆ ಇಲ್ಲಿಗೆ ಬಂದದ್ದು. ಈಗ ಬಂಡೆಯ ಸಂದಿಯಲ್ಲಿ ತಾನೇ ಹುಟ್ಟಿ ತಾನೇ ಬೆಳೆಯುತ್ತದೆ, ಅದನ್ನು ಪರದೇಶಿ ಎಂದರೆ ಗುಡ್ಡವೇ ನಂಬುವುದಿಲ್ಲ. ಕಾಗದದ ಹೂವು ಬ್ರೆಜಿಲ್ಲಿನದು. ಅದಕ್ಕೆ ನೀರು ಹೆಚ್ಚಾದರೆ ಬರೀ ಎಲೆ, ನೀರು ಬಿಗಿದರೆ ಹೂವು. ದಿನಾ ಪ್ರೀತಿಯಿಂದ ನೀರು ಹಾಕಿ, ಹೂ ಬಿಡುತ್ತಿಲ್ಲವೆಂದು ಕೊರಗುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ.

ಸುರಪುರದ ಮಾತು ಬಂತು. ಅಲ್ಲಿ ಮೀಡೋಸ್ ಟೇಲರ್ 1841ರಿಂದ 1853ರತನಕ ಇದ್ದ. ಎಳೆಯ ರಾಜ ವೆಂಕಟಪ್ಪ ನಾಯಕನ ಕಾಲದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್. 1844ರಲ್ಲಿ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಅಲ್ಲಿ ನಿಂತರೆ ಸುತ್ತ ಬಂಡೆಯ ಗುಡ್ಡಗಳು, ಗಿಡಕ್ಕೆ ಮಣ್ಣೇ ಸಿಗದ ಜಾಗ. ತೋಟಕ್ಕಿಂತ ಮೊದಲು ನೀರು ನೋಡಬೇಕು ಎಂದು ಈ ಊರು ಹಿಂದೆಯೇ ಅರಿತಿತ್ತು. ಬೋನಾಳದ ಕೆರೆಯನ್ನು ಕಟ್ಟಿಸಿದ್ದು 17ನೇ ಶತಮಾನದಲ್ಲಿ ಸುರಪುರದ ಪಾಮನಾಯಕ, ಮುಂದೆ ಅದನ್ನು ಸುಧಾರಿಸಿದ್ದು ಟೇಲರ್. ಇಂದು ಅದು ಪಕ್ಷಿಧಾಮ. ಸಂಘದವರು ಸುರಪುರಕ್ಕೆ ಹೋದ ದಿನ ಬೋನಾಳಕ್ಕೂ ಹೋಗಿಬರಬೇಕು. ಹಕ್ಕಿ ನೋಡುವುದಕ್ಕೂ ಹೌದು, ಕೆರೆಯ ದಂಡೆಯಲ್ಲಿ ಯಾವ ಗಿಡ ಯಾರ ಹಂಗಿಲ್ಲದೆ ಬೆಳೆದಿದೆ ಎಂದು ನೋಡುವುದಕ್ಕೂ ಹೌದು.

ಇನ್ನು ಶಹಾಪುರ. ಮಲಗಿದ ಬುದ್ಧನ ಆಕಾರದ ಬೆಟ್ಟ ಎಲ್ಲರಿಗೂ ಗೊತ್ತು. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆ ಬಂದ ಮೇಲೆ ಅದರ ಸುತ್ತಿನ ಜೋಳ, ತೊಗರಿಯ ಹೊಲಗಳಲ್ಲಿ ಭತ್ತ ನಿಂತಿತು. ಕಾಲುವೆ ನೀರು ಹೊಲಕ್ಕೆ ಬಂತು, ಹಿತ್ತಲಿಗೆ ಬರಲಿಲ್ಲ. ಬೇಸಿಗೆಯ ನಡುವೆ ಕಾಲುವೆಯೂ ಬತ್ತುತ್ತದೆ. ಆದರೆ ಭತ್ತದಿಂದ ಗಿಡ ಸಾಕುವವರಿಗೆ ಒಂದು ಲಾಭವಾಯಿತು, ಅಕ್ಕಿ ಗಿರಣಿಯ ಹೊಟ್ಟು. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹೊಟ್ಟು ಹಾಸಿದರೆ ನೀರು ಆರುವುದು ನಿಧಾನವಾಗುತ್ತದೆ. ಒಣ ಹೊಟ್ಟು ಹಾಕಿದರೆ ನಮ್ಮ ಸುಂಟರಗಾಳಿಗೆ ಹಾರಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಕೂರುತ್ತದೆ. ತೋಯಿಸಿ ಹಾಕಬೇಕು. ತೊಗರಿ ಕಟ್ಟಿಗೆ ಹಾಸುವವರೂ ಇದ್ದಾರೆ, ಅದಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಶೇಂಗಾ ಸಿಪ್ಪೆ ಇವೆರಡಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಮಾಡಿ ನೋಡಲಿ.

ಮಧ್ಯಾಹ್ನ ಮೂರಕ್ಕೇ ಹೋಗಬೇಕು ಎಂದೆನಲ್ಲ, ಅದಕ್ಕೆ ಕಾರಣ ಇದೆ. ನಮ್ಮ ಅಂಗಳಗಳಿಗೆ ಹಾಸಿದ್ದು ಶಹಾಬಾದಿನ ಫರಸಿ ಕಲ್ಲು. ಮೂರರ ಹೊತ್ತಿಗೆ ಅದರ ಮೇಲೆ ಬರಿಗಾಲು ಇಡಲಾಗದು. ಆ ಕಲ್ಲಿನ ಮೇಲೆ ಕೂತ ಕುಂಡವನ್ನು ಮುಟ್ಟಿ ನೋಡಿ. ಪೂರ್ವದ ಮಗ್ಗುಲು ಬೆಚ್ಚಗಿರುತ್ತದೆ, ಪಶ್ಚಿಮದ ಮಗ್ಗುಲು ಅಂಗೈ ಸುಡುತ್ತದೆ. ಕಪ್ಪು ಪ್ಲಾಸ್ಟಿಕ್ಕಿನದಾದರೆ ಕೇಳುವುದೇ ಬೇಡ. ಗಿಡವನ್ನು ಬುಡಸಮೇತ ಹೊರಗೆ ತೆಗೆದರೆ ಪೂರ್ವಕ್ಕೆ ಬಿಳಿ ಬೇರು ಜಾಲದಂತೆ ಹರಡಿರುತ್ತವೆ. ಪಶ್ಚಿಮಕ್ಕೆ ಕಂದು ಬಣ್ಣದ, ಕೈಯಲ್ಲಿ ತಿಕ್ಕಿದರೆ ಪುಡಿಯಾಗುವ ಬೇರು. ಅರ್ಧ ಬೇರು ಬೆಂದ ಗಿಡಕ್ಕೆ ಎಷ್ಟು ನೀರು ಸುರಿದರೂ ಮಧ್ಯಾಹ್ನ ಎಲೆ ಜೋಲುತ್ತದೆ. ನೀರು ಸಾಲದೆಂದು ನಾವು ಇನ್ನೊಂದು ತಂಬಿಗೆ ಹಾಕುತ್ತೇವೆ, ಆಗ ಉಳಿದರ್ಧ ಬೇರು ಕೊಳೆಯುತ್ತದೆ. ಪರಿಹಾರಕ್ಕೆ ದುಡ್ಡು ಬೇಡ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ಕೆಳಗೆ ಗಾಳಿ ಆಡಲಿ. ಸಣ್ಣ ಕುಂಡವನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು ನಡುವಿನ ಸಂದಿಗೆ ಮರಳು ತುಂಬಿ, ಮರಳು ತೇವ ಇರಲಿ. ಪಶ್ಚಿಮದ ಸಾಲಿನಲ್ಲಿ ಬಿಸಿಲಿಗೆ ಜಗ್ಗದ ಕಣಗಿಲೆ, ದೇವಕಣಗಿಲೆ ನಿಲ್ಲಿಸಿ, ಗುಲಾಬಿಯನ್ನು ಅದರ ನೆರಳಿಗೆ ತನ್ನಿ. ನೆಲದ ಜಾಗ ಇದ್ದವರು ಅತ್ತ ಒಂದು ನುಗ್ಗೆ ಹಚ್ಚಿದರೆ ತೆಳುನೆರಳೂ ಆಯಿತು, ಸಾರಿಗೆ ಕಾಯಿಯೂ ಆಯಿತು.

ನೆಲದಲ್ಲಿ ಹಚ್ಚಿದ ಗಿಡಗಳಿಗೆ ಗಡಿಗೆ ಹೂಳುವ ಉಪಾಯ ಇದೆ. ಚೀನಾದವರು ಎರಡು ಸಾವಿರ ವರ್ಷದ ಹಿಂದೆ ಇದನ್ನು ಬರೆದಿಟ್ಟಿದ್ದಾರೆ. ಏಳೆಂಟು ಲೀಟರಿನ ಮಣ್ಣಿನ ಗಡಿಗೆ, ಬಣ್ಣ ಬಳಿಯದ್ದು, ಕುತ್ತಿಗೆಯತನಕ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದ ಹಾಗೆ. ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ಜಿನುಗುತ್ತದೆ, ಮಣ್ಣು ತೇವ ಇದ್ದರೆ ತಾನೇ ತಡೆಯುತ್ತದೆ. ಗಡಸು ನೀರಿನಿಂದ ವರ್ಷ ಎರಡು ವರ್ಷಕ್ಕೆ ಗಡಿಗೆಯ ರಂಧ್ರಗಳು ಕಟ್ಟುತ್ತವೆ, ಆಗ ಬದಲಿಸಬೇಕು. ನಲ್ಲಿ ನೀರು ದಿನಾ ಬಾರದ ಓಣಿಯವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮೊದಲ ಎರಡು ಮೂರು ಬೇಸಿಗೆ ಗಿಡವನ್ನು ಹೀಗೆ ದಾಟಿಸಿದರೆ ಆಮೇಲೆ ಅದೇ ತನ್ನ ದಾರಿ ನೋಡಿಕೊಳ್ಳುತ್ತದೆ. ಒಣಭೂಮಿಯಲ್ಲೂ ಮಾವು, ಸಪೋಟ, ಹುಣಸೆ ಎದ್ದು ನಿಲ್ಲುತ್ತವೆ ಎಂದು ರಾಜ್ಯಕ್ಕೆಲ್ಲ ತೋರಿಸಿದವರು ಡಾ. ಎಂ.ಎಚ್. ಮರಿಗೌಡರು. 1963ರಿಂದ 1974ರವರೆಗೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಅವರು ಜಿಲ್ಲೆ ಜಿಲ್ಲೆಗಳಲ್ಲಿ ಇಲಾಖೆಯ ಕ್ಷೇತ್ರ, ನರ್ಸರಿ ತೆರೆಸದೆ ಇದ್ದಿದ್ದರೆ ನಮ್ಮಂಥ ಕಡೆ ಕಸಿ ಸಸಿ ಎಂದರೆ ಲಾಲ್‌ಬಾಗಿನಲ್ಲಿ ಸಿಗುವ ಸಾಮಾನು ಎಂದೇ ಉಳಿಯುತ್ತಿತ್ತು.

ಸಂಘದ ಕಟ್ಟಳೆ ಬಗ್ಗೆ ಎರಡು ಮಾತು. ಅಧ್ಯಕ್ಷರು, ಉಪಾಧ್ಯಕ್ಷರು, ಶಾಲು, ಹಾರ ಇವೆಲ್ಲ ಇಲ್ಲದೆ ನಡೆದರೆ ಚೆನ್ನ. ಒಂದು ನೋಟುಬುಕ್ಕು ಇರಲಿ. ಅದರಲ್ಲಿ ನೋಡಿದ ಮನೆಯ ಗಿಡ, ಮಣ್ಣು ಎರಿಯೋ ಮಸಾರಿಯೋ, ನೀರು ಬೋರಿನದೋ ನಲ್ಲಿಯದೋ, ದಿನಕ್ಕೆ ಎಷ್ಟು ಕೊಡ ಎಂದು ಬರೆಯಬೇಕು. ಸತ್ತ ಗಿಡಗಳ ಹೆಸರನ್ನೂ ಕೇಳಿ ಬರೆಯಬೇಕು. ಮನೆಯವರು ಮುಜುಗರಪಡುತ್ತಾರೆ, ಆದರೂ ಬಿಡಬಾರದು. ನಾಲ್ಕು ಮನೆಯಲ್ಲಿ ಒಂದೇ ಜಾತಿ ಏಪ್ರಿಲಿನಲ್ಲಿ ಸತ್ತಿದೆ ಎಂದು ಗೊತ್ತಾದರೆ ಐದನೆಯವರ ದುಡ್ಡು ಉಳಿಯುತ್ತದೆ. ಬಹುಮಾನ ಕೊಡಲೇಬೇಕು ಎನ್ನುವವರಿದ್ದರೆ ಕಡಿಮೆ ಕೊಡ ನೀರಿನಲ್ಲಿ ಹೆಚ್ಚು ಹಸಿರು ಉಳಿಸಿದವರಿಗೆ ಕೊಡಲಿ.

ನೋಡಲು ಹೋಗುವವರಿಗೂ ಶಿಸ್ತು ಬೇಕು. ಕೇಳದೆ ಚಿವುಟಬಾರದು. ಕಟಿಂಗ್ ಕೇಳುವುದಿದ್ದರೆ ಬೇಸಿಗೆಯಲ್ಲಿ ಹೆಸರು ಹೇಳಿ ಬರೆಸಿ ಬನ್ನಿ, ಮಳೆ ಬಿದ್ದ ಮೇಲೆ ಒಯ್ಯಿರಿ. ವೈಶಾಖದಲ್ಲಿ ಕತ್ತರಿಸಿದರೆ ತಾಯಿಗಿಡಕ್ಕೂ ನೋವು, ನಿಮ್ಮ ಕಡ್ಡಿಗೂ ಸಾವು. ಚಹಾ, ಚೂಡಾ ಎಂದು ಮನೆಯ ಹೆಣ್ಣುಮಕ್ಕಳನ್ನು ಒಲೆಯ ಮುಂದೆ ನಿಲ್ಲಿಸಬಾರದು, ಬಹಳ ಮನೆಗಳಲ್ಲಿ ಗಿಡದ ಕೆಲಸ ಗೊತ್ತಿರುವುದು ಅವರಿಗೇ. ನೋಟುಬುಕ್ಕಿಗೆ ಉತ್ತರ ಹೇಳಬೇಕಾದವರು ಅಡುಗೆಮನೆಯಲ್ಲಿ ಇದ್ದು, ನೀರು ಹಾಕಿಯೇ ಗೊತ್ತಿಲ್ಲದ ಯಜಮಾನರು ಅಂಗಳದಲ್ಲಿ ಭಾಷಣ ಮಾಡುವುದು ಎಲ್ಲ ಕಡೆ ನಡೆಯುತ್ತದೆ.

ಯುಗಾದಿಯ ಮೇಲೆ, ಬಸವ ಜಯಂತಿಯ ಆಸುಪಾಸಿನಲ್ಲಿ ಒಂದು ಭಾನುವಾರ ಮೊದಲ ಸುತ್ತು ಇಟ್ಟುಕೊಳ್ಳಬಹುದು. ಯಾದಗಿರಿಯಿಂದ ಶುರು ಮಾಡಿ, ಮುಂದಿನ ವಾರ ಶಹಾಪುರ, ಅದರ ಮುಂದಿನ ವಾರ ಸುರಪುರ. ಶಾಲೆಯ ಕಂಪೌಂಡುಗಳನ್ನೂ ಪಟ್ಟಿಗೆ ಸೇರಿಸಿ. ರಜೆಯಲ್ಲಿ ನೀರು ಹಾಕುವವರಿಲ್ಲದೆ ಅಲ್ಲಿ ಬದುಕಿ ಉಳಿದ ಗಿಡಗಳ ಹೆಸರು ನೋಟುಬುಕ್ಕಿನ ಮೊದಲ ಪುಟಕ್ಕೆ ಬರಬೇಕು, ಮುಂಗಾರಿಗೆ ಏನು ಹಚ್ಚಬೇಕೆಂದು ಕೇಳುವವರಿಗೆ ಅದನ್ನೇ ತೆರೆದು ತೋರಿಸಬಹುದು. ಬರುವವರು ತಲೆಗೆ ರುಮಾಲು, ಕೈಯಲ್ಲಿ ನೀರಿನ ಬಾಟಲಿ, ಕಿಸೆಯಲ್ಲಿ ಬೀಜದ ಚೀಟಿ ಮರೆಯದೆ ತನ್ನಿ.